ಕಾರಿನ ಮೂಗಿಗೆ ಎಣ್ಣೆ ಬಿಟ್ಟವನು

ನನ್ನ ತಂಗಿಗೆ ಕಾರು ಓಡಿಸಲು ಬರುವುದಿಲ್ಲ ಎಂದು ಒಂದು ತಿಂಗಳು ಊರೆಲ್ಲ ನಂಬಿತ್ತು. ನಂಬಿಸಿದವನು ನಾನು. ಕಡೆಗೆ ಅವಳೂ ನಂಬಿಬಿಟ್ಟಳು.

ನಾನು ಓದಿದ್ದು ಏಳನೇ ತರಗತಿವರೆಗೆ. ಆಮೇಲೆ ಟ್ರ್ಯಾಕ್ಟರ್ ಹತ್ತಿದೆ. ಕನಕಪುರ ರಸ್ತೆಯ ನಮ್ಮೂರ ಸುತ್ತಮುತ್ತ ನಾನು ಉಳದ ಹೊಲ ಕಡಿಮೆ. ತಂಗಿ ಡಿಪ್ಲೊಮಾ ಮುಗಿಸಿ ಬಿಡದಿ ಕಡೆಯ ಒಂದು ಕಾರ್ಖಾನೆಗೆ ಸೇರಿದ್ದಳು. ಹುರುಳಿ ಚೆಲ್ಲುತ್ತಿದ್ದ ನೆಲದ ಮೇಲೆ ಶೆಡ್ಡಿನ ಪಕ್ಕ ಶೆಡ್ಡು ಏಳುತ್ತಿದ್ದ ಕಾಲ ಅದು. ಬೆಳಗಿನ ಪಾಳಿಗೆ ಅವಳನ್ನೇ ಸೂಪರ್‌ವೈಸರ್ ಮಾಡುತ್ತೇವೆ ಎಂದರು. ಆದರೆ ಆರಕ್ಕೆ ಮೊದಲೇ ಗೇಟಿನೊಳಗೆ ಇರಬೇಕು, ಒಂದು ತಿಂಗಳು ಹೊತ್ತಿಗೆ ಸರಿಯಾಗಿ ಬಂದು ತೋರಿಸಬೇಕು ಎಂದು ಮ್ಯಾನೇಜರ್ ಹೇಳಿದ್ದರು. ನಮ್ಮೂರ ಮೊದಲ ಬಸ್ಸು ಹೊರಡುವುದೇ ಆರೂವರೆಗೆ. ಹಾಗಾಗಿ ಜೊತೆಯಲ್ಲಿ ಕೆಲಸ ಮಾಡುವ ಒಬ್ಬ ಅಕ್ಕನಿಂದ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡಳು. ಪುಟ್ಟ ಕಾರು, ಬಿಳಿ ಬಣ್ಣ. ನಮ್ಮ ಮನೆಯಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ಅವಳೇ.

ಕಾರು ಬಂದ ಮೊದಲ ಭಾನುವಾರ ಬಾನೆಟ್ ಎತ್ತಿ ನೋಡಿದೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಮಡಿಕೆ ಮಡಿಕೆಯಾದ ಕಾಗದ. ಹಪ್ಪಳದ ಹಾಗೆ ಒಣಗಿತ್ತು. ಟ್ರ್ಯಾಕ್ಟರಿನಲ್ಲಿ ಹಾಗಲ್ಲ. ಗಾಳಿ ಬರುವ ದಾರಿಯಲ್ಲಿ ಒಂದು ಬಟ್ಟಲು, ಅದರಲ್ಲಿ ಎಣ್ಣೆ. ಉಳುವಾಗ ಏಳುವ ಮಣ್ಣೆಲ್ಲ ಆ ಎಣ್ಣೆಗೇ ಅಂಟಿಕೊಳ್ಳಬೇಕು. ಆ ಎಣ್ಣೆ ಬತ್ತಲು ಬಿಟ್ಟ ಡ್ರೈವರ್‌ಗಳನ್ನು ನಾನೇ ಬೈದಿದ್ದೇನೆ. ಪಾಪ, ಈ ಕಾರಿಗೆ ಯಾರೂ ಎಣ್ಣೆ ತೋರಿಸಿಲ್ಲವಲ್ಲ ಎಂದುಕೊಂಡು ಎಂಜಿನ್ ಆಯಿಲ್ ತಂದು ಆ ಕಾಗದಕ್ಕೆ ಧಾರಾಳವಾಗಿ ಸುರಿದು, ಅಂಗೈಯಲ್ಲಿ ಸವರಿ ಮತ್ತೆ ಮುಚ್ಚಿದೆ. ಎಡಗಡೆ ಸೀಟಿನ ಮುಂದಿನ ಖಾನೆಯಲ್ಲಿ ಕಾರಿನ ಪುಸ್ತಕವಿತ್ತು, ಇಂಗ್ಲಿಷಿನದು. ತಂಗಿ ಮನೆಯೊಳಗೇ ಇದ್ದಳು. ಓದಿ ಹೇಳು ಎನ್ನಬಹುದಿತ್ತು. ಎಂಜಿನ್ನಿನ ವಿಷಯ ತಂಗಿಯ ಹತ್ತಿರ ಕೇಳುವುದೆಂದರೆ ನನಗೆ ಅವಮಾನ. ಅವಳಿಗೆ ಹೇಳಲೂ ಇಲ್ಲ.

ಒಂದು ವಾರ ಚೆನ್ನಾಗಿ ಓಡಿತು. ಆಮೇಲೆ ಎಳೆಯುವಾಗ ಜಗ್ಗತೊಡಗಿತು. ನಿಧಾನ ಮಾಡಿದರೆ ನಡುಗಿ ನಿಂತುಬಿಡುತ್ತಿತ್ತು. ಒಂದು ದಿನ ನಾನು ಪಕ್ಕದಲ್ಲಿ ಕೂತಿದ್ದಾಗ ರಾಮನಗರದ ಸಿಗ್ನಲ್ಲಿನಲ್ಲಿ ಹಸಿರು ದೀಪ ಹತ್ತಿದ ಕೂಡಲೇ ಆಫ್ ಆಯಿತು. ಸ್ಟಾರ್ಟ್ ಮಾಡಿದಳು, ಮತ್ತೆ ಆಫ್. ಹಿಂದೆ ಬಸ್ಸು, ಲಾರಿ, ಹಾರನ್ನು.

"ಕಾಲು ಮೆಲ್ಲಗೆ ಎತ್ತಮ್ಮಿ! ಕ್ಲಚ್ಚು, ಕ್ಲಚ್ಚು!" ಎಂದು ಕಿರುಚಿದೆ.

"ಮೆಲ್ಲಗೇ ಬುಡ್ತಾ ಇವ್ನಿ ಕಣಣ್ಣ."

ಬಸ್ಸಿನ ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಏನಮ್ಮೋ, ಮನೇಲಿ ಮುದ್ದೆ ತೊಳಸ್ಕಂಡಿರಕ್ಕೆ ಆಗ್ಲಿಲ್ವಾ?" ಎಂದ. ಅವನ ಜೊತೆ ನಾನೂ ನಕ್ಕೆ. ತಂಗಿ ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಊರಿನಲ್ಲಿ ಯಾರು ಕೇಳಿದರೂ ನನ್ನದು ಒಂದೇ ಮಾತು: "ಕಾರು ಸರಿಯಾಗೇ ಐತೆ, ಅವಳ ಕಾಲೇ ಸರಿ ಇಲ್ಲ." ಅವ್ವ ಮಾತ್ರ ಕಬ್ಬಾಳಮ್ಮನಿಗೆ ಪೂಜೆ ಮಾಡಿಸದೆ ಓಡಿಸಿದ್ದಕ್ಕೇ ಹೀಗೆ ಎಂದಳು. ಮುಂದಿನ ಮಂಗಳವಾರ ಕಬ್ಬಾಳಿಗೂ ಹೋಗಿ ಚಕ್ರದಡಿ ನಿಂಬೆಹಣ್ಣು ಇಟ್ಟು ಬಂದೆವು. ಬರುವ ದಾರಿಯಲ್ಲಿ ಎರಡು ಸಲ ನಿಂತಿತು.

ಕನಕಪುರದ ಮೆಕ್ಯಾನಿಕ್ ಪ್ಲಗ್ಗುಗಳನ್ನು ಬದಲಾಯಿಸಿದ. ಸರಿಹೋಗಲಿಲ್ಲ. ರಾಮನಗರದವನು ಪೆಟ್ರೋಲ್ ಬರುವ ದಾರಿಯನ್ನೆಲ್ಲ ಬಿಚ್ಚಿ ತೊಳೆದ. ಎರಡು ದಿನ ಚೆನ್ನಾಗಿತ್ತು ಎನ್ನಿಸಿತು, ಮೂರನೆಯ ದಿನ ಅದೇ ಕಥೆ. ಇಬ್ಬರೂ ಕಡೆಗೆ ಕೈ ಒರೆಸಿಕೊಳ್ಳುತ್ತಾ, ಯಾರು ಓಡಿಸ್ತಾರೆ ಎಂದು ಕೇಳಿ, ತಂಗಿ ಎಂದ ಕೂಡಲೇ "ಓಹೋ" ಎಂದರು. ಆ ತಿಂಗಳಲ್ಲಿ ಅವಳು ನಾಲ್ಕು ಸಲ ತಡವಾಗಿ ಗೇಟು ಮುಟ್ಟಿದಳು.

ಇನ್ನು ಮುಖ್ಯವಾದದ್ದು. ಒಂದು ಮಧ್ಯಾಹ್ನ ದನಕ್ಕೆ ಹಿಂಡಿ ತರಲು ನಾನೊಬ್ಬನೇ ಆ ಕಾರು ತೆಗೆದುಕೊಂಡು ಹೋದೆ. ಊರಾಚೆಯ ಕೆರೆ ಏರಿಯ ತಿರುವಿನಲ್ಲಿ ಅದು ನನ್ನ ಕಾಲಡಿಯಲ್ಲೂ ಸತ್ತಿತು. ಇಪ್ಪತ್ತು ವರ್ಷ ಕ್ಲಚ್ಚು ತುಳಿದ ಕಾಲು ಅದು. ಮತ್ತೆರಡು ಸಲ ಸ್ಟಾರ್ಟ್ ಮಾಡಿದೆ, ಎರಡು ಸಲವೂ ನಿಂತಿತು. ಬೆವರು ಒರೆಸಿಕೊಂಡು ಹಿಂದೆ ಮುಂದೆ ನೋಡಿದೆ. ಯಾರೂ ಇರಲಿಲ್ಲ. ಆ ಫಿಲ್ಟರಿನ ಎಣ್ಣೆಯ ನೆನಪೂ ಅಲ್ಲೇ ಬಂತು. ಟ್ರ್ಯಾಕ್ಟರಿಗೆ ಒಳ್ಳೆಯದಾದದ್ದು ಕಾರಿಗೆ ಹೇಗೆ ಕೆಟ್ಟದಾಗುತ್ತದೆ ಎಂದು ತಳ್ಳಿಹಾಕಿದೆ. ಆಮೇಲೆ ಹೇಗೋ ಹೊರಟಿತು. ಮನೆಗೆ ಬಂದವನು ಬೀಗದ ಕೈ ಗೂಟಕ್ಕೆ ನೇತುಹಾಕಿ, "ನಂಗೆ ಚೆನ್ನಾಗೇ ಓಡ್ತಪ್ಪ" ಎಂದೆ.

ಆ ಶನಿವಾರ ತಂಗಿ ಮ್ಯಾನೇಜರ ಬಳಿ ಹೋಗಿ ಬೆಳಗಿನ ಪಾಳಿ ತನ್ನ ಕೈಯಲ್ಲಾಗದು, ಬೇರೆಯವರಿಗೆ ಕೊಡಿ ಎಂದು ಹೇಳಿ ಬಂದಳು. ಸಂಜೆ ಸೊಪ್ಪು ಬಿಡಿಸುತ್ತಾ ಕೂತವಳು, "ನನ್ ಕಾಲ್ಗೆ ಅದು ಬಗ್ಗಲ್ಲ ಕಣವ್ವ" ಎಂದಳು. ನಾನು ಅಲ್ಲೇ ಊಟ ಮಾಡುತ್ತಿದ್ದೆ. ತಟ್ಟೆಯಿಂದ ತಲೆ ಎತ್ತಲಿಲ್ಲ.

ಭಾನುವಾರ ಕಾರನ್ನು ಮಾರುವ ಮೊದಲು ಒಂದು ಸಲ ತೋರಿಸೋಣ ಎಂದು ಚನ್ನಪಟ್ಟಣಕ್ಕೆ ಹೋದೆವು. ಅಲ್ಲಿನ ಮೆಕ್ಯಾನಿಕ್ ವಯಸ್ಸಾದವನು, ಮಾತು ಕಡಿಮೆ. ಯಾರು ಓಡಿಸುತ್ತಾರೆ ಎಂದು ಕೇಳಲೇ ಇಲ್ಲ. ಎಂಜಿನ್ ನಡುಗುತ್ತಿದ್ದ ಹಾಗೆಯೇ ಏರ್ ಫಿಲ್ಟರ್ ಡಬ್ಬಿಯ ಆಚೆ ಬದಿಯ ಕೊಳವೆಗೆ ಸಿಕ್ಕಿಸಿದ್ದ ಒಂದು ವೈರನ್ನು ಕಿತ್ತ. ನಡುಕ ನಿಂತುಹೋಯಿತು. ಮತ್ತೆ ಸಿಕ್ಕಿಸಿದ, ನಡುಗಿತು. ಮತ್ತೆ ಕಿತ್ತ, ನಡುಕ ನಿಂತಿತು.

"ನೋಡಿದ್ರಾ ಮೇಡಂ, ಇದೇ ಸುಳ್ಳು ಹೇಳ್ತಾ ಇರೋದು. ಒಳಕ್ಕೆ ಎಷ್ಟು ಗಾಳಿ ಹೋಗ್ತದೆ ಅಂತ ಇದು ಹೇಳ್ಬೇಕು, ಅದನ್ನ ಕೇಳ್ಕಂಡು ಕಂಪ್ಯೂಟರು ಪೆಟ್ರೋಲ್ ಬುಡ್ತದೆ. ಇದರ ಬಾಯಿ ಮುಚ್ಚಿಸಿದ್ರೆ ಕಂಪ್ಯೂಟರೇ ಒಂದು ಅಂದಾಜಲ್ಲಿ ಓಡಿಸ್ಕತದೆ."

ಎರಡು ಸ್ಕ್ರೂ ಬಿಚ್ಚಿ, ಆ ವೈರು ಸಿಕ್ಕಿಸಿದ್ದ ಸೆನ್ಸರನ್ನು ಹೊರಗೆ ತೆಗೆದ. ಒಳಗೆ ಕೂದಲಿನಂಥ ತಂತಿ. ಅದರ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಧೂಳು, ಸುಟ್ಟು ಕರಕಲಾಗಿತ್ತು. ಏನೋ ಸ್ಪ್ರೇ ಹೊಡೆದು ತೊಳೆದು, ಆರಿದ ಮೇಲೆ ಹಾಕಿ ನೋಡಿದ. ಪ್ರಯೋಜನವಾಗಲಿಲ್ಲ. ಆಮೇಲೆ ಫಿಲ್ಟರ್ ಎತ್ತಿ ಹಿಡಿದ. ಕಪ್ಪಗೆ ತೊಟ್ಟಿಕ್ಕುತ್ತಿತ್ತು.

"ಯಾವನಪ್ಪ ಇದು, ಕಾಗದಕ್ಕೆ ಎಣ್ಣೆಸ್ನಾನ ಮಾಡ್ಸಿರೋನು? ಇದು ಒಣಗೇ ಇರ್ಬೇಕು, ಈ ಎಣ್ಣೆನೇ ಗಾಳಿ ಜೊತೆ ಹೋಗಿ ತಂತಿಗೆ ಮೆತ್ಕಂಡದೆ."

"ಮೊದ್ಲು ಇಟ್ಕಂಡಿದ್ದೋರು ಇರ್ಬೇಕು," ಎಂದೆ. ಯೋಚನೆ ಮಾಡುವ ಮೊದಲೇ ಮಾತು ಹೊರಗೆ ಬಂದಿತ್ತು.

ಹೊಸ ಸೆನ್ಸರ್ ಬೆಂಗಳೂರಿನಿಂದ ಬರಬೇಕಾಗಿತ್ತು. ಬುಧವಾರ ತಂಗಿ ರಜೆ ಹಾಕಿದಳು, ಮತ್ತೆ ಹೋದೆವು. ಮೆಕ್ಯಾನಿಕ್ ಬ್ಯಾಟರಿಯ ತಂತಿ ಕಳಚಿ, ಸೆನ್ಸರಿನ ಮೇಲಿನ ಬಾಣದ ಗುರುತನ್ನು ಗಾಳಿ ಹೋಗುವ ದಿಕ್ಕಿಗೆ ಹಿಡಿದು ಕೂರಿಸಿ, ಅದೇ ಎರಡು ಸ್ಕ್ರೂ ಬಿಗಿದ. ಎಣ್ಣೆ ಸೋಕದ ಹೊಸ ಫಿಲ್ಟರ್ ಹಾಕಿದ. ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಎರಡು ಸ್ಕ್ರೂ! ಅದಕ್ಕೆ ಒಂದು ತಿಂಗಳು ಅಲೆದೆವು. ಯಾರ ಮೇಲೆ ಎಂದು ತಿಳಿಯದ ಸಿಟ್ಟು ಬಂತು ನನಗೆ. ಯಾರ ಮೇಲೆ ಎಂಬುದು ಗೊತ್ತೇ ಇತ್ತು.

ವಾಪಸ್ಸು ಬರುವಾಗ ತಂಗಿಯೇ ಓಡಿಸಿದಳು. ಕಾರು ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಕೆಂಗಲ್ ಹತ್ತಿರ ಹಲ್ಲು ಕಚ್ಚಿ, "ನಾಳೆ ಊಟದ ಹೊತ್ನಲ್ಲಿ ಆ ಅಕ್ಕನ್ನ ಎಲ್ಲಾರ ಮುಂದೇನೇ ಕೇಳ್ತೀನಿ. ಹಾಳು ಮಾಡಿ ನನ್ ತಲೆಗೆ ಕಟ್ಟಿದ್ಲಲ್ಲ," ಎಂದಳು.

"ಕೇಳ್ಬೇಡ ಕಣಮ್ಮಿ."

"ಯಾಕ್ ಕೇಳ್ಬಾರ್ದು?"

"ಎಣ್ಣೆ ಬುಟ್ಟಿದ್ದು ನಾನು. ಟ್ರ್ಯಾಕ್ಟರ್ ಥರ ಅಂದ್ಕಂಡು."

ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು. ಎಂಜಿನ್ ಆಫ್ ಮಾಡಲಿಲ್ಲ. ಅದು ಸದ್ದೇ ಇಲ್ಲದ ಹಾಗೆ ಓಡುತ್ತಿತ್ತು. ಅವಳು ಕಿರುಚಿದ್ದರೆ ಚೆನ್ನಾಗಿತ್ತು.

"ಎಣ್ಣೆ ಬುಟ್ಟಿದ್ದು ಗೊತ್ತಿಲ್ದೆ. ಆಯ್ತು, ಬುಡು. ಒಂದು ಹೇಳು. ನೀನು ಹಿಂಡಿ ತರಕ್ಕೆ ಹೋಗಿದ್ಯಲ್ಲ, ಅವತ್ತು ನಿನ್ ಕಾಲಲ್ಲಿ ನಿಲ್ಲಲಿಲ್ವಾ?"

"ನಿಂತಿತ್ತು."

"ಎಷ್ಟ್ ಸಲ?"

"ಮೂರು."

ಅವಳು ತಲೆಯಾಡಿಸಿದಳು. "ಅವತ್ತು ಇದನ್ನ ಹೇಳಿದ್ರೆ ಶನಿವಾರ ನಾನು ಮ್ಯಾನೇಜರ್ ಬಾಗ್ಲು ತಟ್ತಿರ್ಲಿಲ್ಲ ಕಣಣ್ಣ," ಎಂದಳು. ಆ ಕೆಲಸ ಸೋಮವಾರವೇ ಇನ್ನೊಬ್ಬರ ಪಾಲಾಗಿತ್ತು. ತಂಗಿ ಆ ಕಾರ್ಖಾನೆಯಲ್ಲಿ ಇರುವವರೆಗೂ ಅದು ಮತ್ತೆ ಅವಳ ಪಾಲಿಗೆ ಬರಲಿಲ್ಲ.

ರಾಮನಗರದ ಸಿಗ್ನಲ್ಲಿನಲ್ಲಿ ಕೆಂಪು ದೀಪವಿತ್ತು. ಅಭ್ಯಾಸಬಲದಿಂದ ನನ್ನ ಕಣ್ಣು ಅವಳ ಕಾಲಿನ ಕಡೆ ಹೋಯಿತು. ಅವಳು ಅದನ್ನು ಕಂಡಳು.

"ನೋಡು," ಎಂದಳು. "ಚೆನ್ನಾಗಿ ನೋಡ್ಕೊ."

ಹಸಿರು ಬಂತು. ಅವಳು ಕಾಲನ್ನು ಮೆಲ್ಲಗೆ ಎತ್ತಿದಳು. ಮೊದಲಿನಿಂದಲೂ ಹಾಗೆಯೇ ಎತ್ತುತ್ತಿದ್ದಳು.