ಈವನ್‌ಫೀಲ್ಡಿನ ಅರವತ್ತೊಂದು ಗೂಟಗಳು

ಬೆಳಗಿನ ಏಳೂವರೆ. ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನ್ ದಾಟಿ ಇನ್ನೊಂದು ಕಾಲು ಗಂಟೆ ಕಾರು ಓಡಿಸಿದರೆ ಈವನ್‌ಫೀಲ್ಡ್ ಸಿಗುತ್ತದೆ. ಮಾರ್ಚ್ ತಿಂಗಳ ಇಬ್ಬನಿ ಹುಲ್ಲಿನ ಮೇಲೆ ಇನ್ನೂ ಆರಿಲ್ಲ. ಮೊಣಕಾಲುದ್ದದ ಬೂಟು ಹಾಕಿಕೊಂಡ ಬಸವಣ್ಣೆಪ್ಪ ಮೊದಲು ಕೋಲಿನಿಂದ ಹುಲ್ಲು ಬಡಿಯುತ್ತಾರೆ. ಹಾವಿದ್ದರೆ ಹೋಗಲಿ ಎಂದು. ಆಮೇಲೆ ಬಗ್ಗಿ, ಅಡಿಯೆತ್ತರದ ಮರದ ಗೂಟವೊಂದನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ, ತಲೆ ಓರೆ ಮಾಡಿ ಆಲಿಸುತ್ತಾರೆ. ಟಣ್ ಎಂದರೆ ಗಟ್ಟಿ. ಬದ್ ಎಂದರೆ ಒಳಗೆ ಗೆದ್ದಲು ಕೂತಿದೆ.

"ಇದು ಇನ್ನೂ ಇಪ್ಪತ್ತು ವರ್ಷ ಜಗ್ಗೂದಿಲ್ರಿ," ಎನ್ನುತ್ತ ಗೂಟದ ನೆತ್ತಿಗೆ ಅಗಸೆ ಎಣ್ಣೆ ಸವರುತ್ತಾರೆ. ಮಗುವಿನ ತಲೆಗೆ ಎಣ್ಣೆ ಹಚ್ಚುವಷ್ಟೇ ನಿಧಾನ.

ಇಂಥ ಅರವತ್ತೊಂದು ಗೂಟಗಳನ್ನು ನಲವತ್ತಾರರ ಈ ಮನುಷ್ಯ ಏಳು ವರ್ಷದಿಂದ ಕಾಯುತ್ತಿದ್ದಾರೆ. ಬೆಳಗ್ಗೆ ಮೂರು ತಾಸು ಗೂಟದ ಕೆಲಸ, ಮಧ್ಯಾಹ್ನದಿಂದ ಬಸ್ಸಿನ ಸ್ಟೀರಿಂಗು. ಒಂದು ಸುತ್ತು ಹಾಕಿದರೆ ಆರು ಕಿಲೋಮೀಟರು. ವರ್ಷಕ್ಕೆ ಎರಡು ಡಬ್ಬ ಎಣ್ಣೆ, ಒಂದು ಜೊತೆ ಬೂಟು. ಇಷ್ಟು ಸಣ್ಣ ಕೆಲಸದ ಮೇಲೆ ಒಂದು ಊರೇ ನಿಂತಿದೆ ಎಂದರೆ ನಂಬುವುದು ಕಷ್ಟ. ಆದರೆ ನಿಂತಿರುವುದು ನಿಜ, ನೂರಮೂವತ್ತು ವರ್ಷದಿಂದ.

ಸಾವಿರದ ಎಂಟುನೂರ ತೊಂಬತ್ತಮೂರು. ಮೆಲ್ಬರ್ನಿನಲ್ಲಿ ಜಮೀನಿನ ಬೆಲೆ ಗುಳ್ಳೆಯಂತೆ ಊದಿ ಒಡೆದು, ಬ್ಯಾಂಕುಗಳು ಬಾಗಿಲು ಹಾಕಿಕೊಂಡಿದ್ದ ಕಾಲ. ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದ ಇಪ್ಪತ್ತೆಂಟು ಕುಟುಂಬಗಳು ಒಟ್ಟು ಸೇರಿದವು. ಚಪ್ಪಲಿ ಹೊಲಿಯುವವರು, ಅಚ್ಚಿನ ಮೊಳೆ ಜೋಡಿಸುವವರು, ಇಟ್ಟಿಗೆ ಕೆಲಸದವರು. ಆಗ ದೇಶದ ತುಂಬ ಹರಿದಾಡುತ್ತಿದ್ದ ಒಂದು ವಿಚಾರ ಅವರ ತಲೆಗೂ ಹೊಕ್ಕಿತ್ತು. ಮನೆಯನ್ನು ಮನುಷ್ಯ ಕಟ್ಟುತ್ತಾನೆ, ಹಾಗಾಗಿ ಮನೆ ಅವನದು. ಅದಕ್ಕೆ ತೆರಿಗೆ ಬೇಡ. ನೆಲವನ್ನು ಯಾರೂ ಮಾಡಿಲ್ಲ. ಅದಕ್ಕೆ ಬೆಲೆ ಬರುವುದು ಸುತ್ತಲಿನ ಜನರಿಂದ, ರಸ್ತೆಯಿಂದ, ಶಾಲೆಯಿಂದ. ಆದ್ದರಿಂದ ನೆಲದ ಬಾಡಿಗೆಯೊಂದೇ ತೆರಿಗೆ, ಅದು ಎಲ್ಲರಿಗೂ ಸೇರಬೇಕು.

ಜೌಗು ನೆಲ ಕೊಂಡು ಎಲ್ಲರ ಹೆಸರಿನ ಒಂದೇ ಟ್ರಸ್ಟಿಗೆ ಬರೆದರು. ಗೂಟ ಬಡಿದು ಇಪ್ಪತ್ತೆಂಟು ತಾಕು ಮಾಡಿ ಹಂಚಿಕೊಂಡರು. ಆ ನೆಲಬಾಡಿಗೆಯಿಂದಲೇ ಊರಿಗೆ ಸಭಾಮಂದಿರ ಬಂತು, ನೀರಿನ ಟ್ಯಾಂಕು ಬಂತು, ಹೆರಿಗೆಗೆ ನರ್ಸು ಬಂದಳು. ಇವತ್ತಿಗೂ ಇಲ್ಲಿ ಯಾರೂ ನೆಲ ಮಾರಿಲ್ಲ, ಕೊಂಡಿಲ್ಲ.

ಮಾರ್ಚಿನ ಮೊದಲ ಭಾನುವಾರ ಊರಿಗೆ ಊರೇ ತಾಕಿನಿಂದ ತಾಕಿಗೆ ನಡೆಯುತ್ತದೆ. ಪ್ರತಿ ತಾಕಿನಲ್ಲೂ ಅದರ ಗೂಟಗಳನ್ನು ಕೈಯಿಂದ ಮುಟ್ಟಿ ನೋಡುತ್ತಾರೆ. ಬಳಿಕ ಎಲ್ಲರೂ ಮನೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಮನೆ ಕಣ್ಣಿಗೆ ಬೀಳಬಾರದು. ಬರಿಯ ನೆಲವನ್ನು, ಎದುರಿನ ರಸ್ತೆಯನ್ನು, ನೆರೆಯನ್ನು ನೋಡಿ ಆ ತಾಕಿನವರು ಈ ವರ್ಷದ ಬೆಲೆಯನ್ನು ಬಾಯಿಬಿಟ್ಟು ಹೇಳಬೇಕು. ಏರಿದ್ದರೆ ಯಾರಿಂದ ಏರಿತು ಎಂದೂ ಹೇಳಬೇಕು. ಎರಡೂ ಪುಸ್ತಕಕ್ಕೆ ಹೋಗುತ್ತವೆ, ಆ ಬೆಲೆಯ ಮೇಲೆಯೇ ವರ್ಷದ ನೆಲಬಾಡಿಗೆ.

ಬಸವಣ್ಣೆಪ್ಪ ಮೊದಲ ವರ್ಷವೇ ಇಲ್ಲಿ ಎಡವಿದರು. ಯಾವ ತಾಕು ಎಲ್ಲಕ್ಕಿಂತ ಬೆಲೆಯದು ಎಂದು ಯಾರೋ ತಮಾಷೆಗೆ ಕೇಳಿದರೆ, ಎರಡಂತಸ್ತಿನ ಇಟ್ಟಿಗೆ ಮನೆಯತ್ತ ಥಟ್ಟನೆ ಬೆರಳು ತೋರಿಸಿದರು. ಜನರೆಲ್ಲ ನಕ್ಕರು. ಒಂಬತ್ತನೇ ತಾಕಿನ ಅಜ್ಜಿ ಡೊರೀನ್, ಬಸವಣ್ಣೆಪ್ಪನವರ ಹೆಗಲು ಹಿಡಿದು ಗರಕ್ಕನೆ ತಿರುಗಿಸಿ, "ಈಗ ಹೇಳು" ಎಂದರು. ಎದುರಿಗೆ ಕೆಸರಿನ ದಾರಿ, ಅದರಾಚೆ ಕಪ್ಪೆ ಕೂಗುವ ಹೊಂಡ. ಆ ಇಟ್ಟಿಗೆ ಮನೆ ನಿಂತದ್ದು ಊರಿನಲ್ಲೇ ಅತಿ ಕಡಿಮೆ ಬೆಲೆಯ ನೆಲದ ಮೇಲೆ.

"ನಮ್ಮೂರಾಗ ಮಾಳಿಗಿ ಮನಿ ಇದ್ದೋರನ್ನ ಸಾವಕಾರ್ರು ಅಂತೀವ್ರಿ. ಅದೇ ಕಣ್ಣು ತಗೊಂಡು ಇಲ್ಲಿಗೆ ಬಂದಿದ್ದೆ," ಎಂದು ಬಸವಣ್ಣೆಪ್ಪ ಈಗಲೂ ನಗುತ್ತಾರೆ.

ಅವರ ಊರು ಗದಗ ಜಿಲ್ಲೆಯ ರೋಣದ ಕಡೆಯದು. ಇಪ್ಪತ್ತು ವರ್ಷದ ಕೆಳಗೆ ಅಡುಗೆ ಕೋರ್ಸಿನ ವಿದ್ಯಾರ್ಥಿಯಾಗಿ ಮೆಲ್ಬರ್ನಿಗೆ ಬಂದರು. ಈರುಳ್ಳಿ ಹೆಚ್ಚಿದ್ದಾಯಿತು, ಟ್ಯಾಕ್ಸಿ ಓಡಿಸಿದ್ದಾಯಿತು, ಒಂದೇ ಕೋಣೆಯಲ್ಲಿ ಆರು ಮಂದಿ ಮಲಗಿದ್ದಾಯಿತು. ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಸಿಗುವ ಹೊತ್ತಿಗೆ ತಲೆಯ ಅರ್ಧ ಕೂದಲು ಹೋಗಿತ್ತು. ಬಸ್ಸಿನ ಕೆಲಸಕ್ಕೆ ಸೇರಿದ ಮೇಲೆ, ಹೆದ್ದಾರಿಗೆ ನಡೆದು ಬಂದು ಬಸ್ಸು ಹತ್ತಿ ದಿನಾ ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಇದೇ ಡೊರೀನ್ ಅಜ್ಜಿಯ ಪರಿಚಯವಾಯಿತು. ಹಳೆಯ ಗೂಟಪಾಲಕ ಕೆಲಸ ಬಿಟ್ಟಿದ್ದ. "ನೀನು ನೇರ ಗೆರೆ ನೋಡಿ ಹೇಳಬಲ್ಲೆಯಾ?" ಎಂದು ಅಜ್ಜಿ ಕೇಳಿದರು.

"ನಮ್ಮ ಅಜ್ಜ ಊರ ವಾಲಿಕಾರ. ಮೋಜಣಿ ಸಾಹೇಬ್ರು ಬಂದ್ರ ಸರಪಳಿ ಹಿಡಿಯೋದು, ಗಡಿಕಲ್ಲು ನಡೋದು ಅವನ ಕೆಲಸ. ಅದನ್ನ ಈ ಮುದುಕಿಗೆ ಹೇಳಿದೆ. ಮರುದಿನಾನ ಕೈಯಾಗ ಸುತ್ತಿಗಿ ಕೊಟ್ಲು ನೋಡ್ರಿ."

ಎಂಬತ್ತೊಂದರ ಡೊರೀನ್ ಮೊದಲ ಇಪ್ಪತ್ತೆಂಟು ಕುಟುಂಬಗಳಲ್ಲೊಂದರ ಮರಿಮೊಮ್ಮಗಳು. ಬಸವಣ್ಣೆಪ್ಪ ಎಂಬ ಹೆಸರು ಅವರ ಬಾಯಲ್ಲಿ 'ಬಜ್ಜಾ' ಆಗಿದೆ. ಹೆಂಡತಿ ತೇಜಸ್ವಿನಿ ಅದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದು 'ಬಜ್ಜಿ' ಮಾಡಿದ್ದಾರೆ. ಮೈಸೂರಿನವರು, ವೃದ್ಧಾಶ್ರಮವೊಂದರಲ್ಲಿ ಕೆಲಸ. "ನಮ್ಮನೆ ಗೇಟು ಮೂರು ವರ್ಷದಿಂದ ಕಿರ್ರೋ ಅಂತಿದೆ, ಅದಕ್ಕೊಂದು ತೊಟ್ಟು ಎಣ್ಣೆ ಇಲ್ಲ. ಊರೋರ ಗೂಟಕ್ಕೆಲ್ಲ ಅಭ್ಯಂಜನ!" ಎಂದು ಕುಟುಕುತ್ತಾರೆ. ಕ್ರಾನ್‌ಬರ್ನಿನಲ್ಲಿ ಅವರದು ರೆಂಟಿನ ಮನೆ. ಸ್ವಂತ ಮನೆಗೆಂದು ಕೂಡಿಟ್ಟಷ್ಟೂ ಬೆಲೆ ಇನ್ನೊಂದು ಮೆಟ್ಟಿಲು ಮೇಲೇರಿ ಕೂರುತ್ತದೆ.

ಈ ಕೆಲಸ ಎಷ್ಟು ದೊಡ್ಡದೆಂದು ಬಸವಣ್ಣೆಪ್ಪನವರಿಗೆ ತಿಳಿದದ್ದು ಸಿಡ್ನಿಯಲ್ಲಿ. ಎರಡು ವರ್ಷದ ಹಿಂದೆ ಗೆಳೆಯ ಪ್ರಮೋದ್ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಪ್ರಮೋದ್‌ಗೆ ಮ್ಯಾಕ್ವೆರಿ ಪಾರ್ಕಿನಲ್ಲಿ ಐಟಿ ಕೆಲಸ, ಮೂವತ್ತು ವರ್ಷದ ಮಾರ್ಟ್‌ಗೇಜ್.

"ಮೆಟ್ರೊ ಹತ್ರ ಅಂತ ಬೇರೆ ಗುರೂ! ಸೈನ್ ಹಾಕಿ ಆರೇ ತಿಂಗಳು, ರೇಟು ಎಲ್ಲಿಗೋ ಹೋಯ್ತು. ನಾನೇನ್ ಮಾಡ್ದೆ? ಕಿಚನ್ ಟೈಲ್ಸ್ ಕೂಡ ಚೇಂಜ್ ಮಾಡಿಲ್ಲ," ಎಂದು ಪ್ರಮೋದ್ ಹಿಗ್ಗಿದರಂತೆ.

"ಹಂಗಾರ ಏರಿದ್ದನ್ನ ಮೆಟ್ರೊ ಕಟ್ಟಿದೋರಿಗೆ ಕೊಟ್ಬಿಡು."

"ಸುಮ್ನಿರಪ್ಪಾ ನೀನು, ಹೋಳಿಗೆ ತಿನ್ನು."

ಅದೇ ಪ್ರಮೋದ್ ಮರುದಿನ ಅವರನ್ನು ಸಿಡ್ನಿಯ ಅಂಚಿನ ಲಿವರ್‌ಪೂಲ್ ಕಡೆಗೆ ಕರೆದೊಯ್ದರು. ಈವನ್‌ಫೀಲ್ಡಿನ ತಂಗಿ ಎನ್ನಬಹುದಾದ ಊರು ಅಲ್ಲಿತ್ತು. ಅದೇ ವರ್ಷ, ಅದೇ ಬರಹದ ಟ್ರಸ್ಟು. ಆದರೆ ಅಲ್ಲಿ ಗೂಟ ಕಾಯುವವರು ಉಳಿಯಲಿಲ್ಲ. ಗೂಟ ಸಿಗದ ತಾಕಿನ ಬೆಲೆ ಹೇಳುವಂತಿಲ್ಲ, ಬೆಲೆ ಹೇಳದ ತಾಕು ಟ್ರಸ್ಟಿನಲ್ಲಿ ಉಳಿಯುವಂತಿಲ್ಲ. ಹಿರಿಯರೇ ಬರೆದ ಕಟ್ಟಳೆ ಇದು. ಒಂದೊಂದಾಗಿ ತಾಕುಗಳು ಕಳಚಿ ಮಾರಾಟವಾದವು. ಈಗ ಅಲ್ಲಿ ಟೈರಿನ ಅಂಗಡಿ, ಕಾರು ನಿಲ್ಲಿಸುವ ಜಾಗ. ಕಸದ ತೊಟ್ಟಿಯ ಹಿಂದೆ ಒಂದೇ ಒಂದು ಗೂಟ ಉಳಿದಿದೆ. ಯಾರೋ ಅದಕ್ಕೆ ಸೈಕಲ್ ಕಟ್ಟಿ ಬೀಗ ಹಾಕಿದ್ದರು.

"ಅದನ್ನೂ ಒಮ್ಮೆ ತಟ್ಟಿ ನೋಡಿದೆ. ಟಣ್ ಅಂತು. ಕಣ್ಣಾಗ ನೀರು ಬಂತ್ರಿ," ಎನ್ನುತ್ತಾರೆ ಬಸವಣ್ಣೆಪ್ಪ.

ಅಷ್ಟೆಲ್ಲ ಕಣ್ಣಾರೆ ಕಂಡವರ ಕೈಯಿಂದಲೇ ಈ ಜನವರಿಯಲ್ಲಿ ಒಂದು ಗೂಟ ತಪ್ಪಿತು.

ಡೊರೀನ್ ತಾಕಿನ ಬೆನ್ನಿಗೇ ಹೊಸ ಬಡಾವಣೆಯೊಂದು ಏಳುತ್ತಿದೆ. ಅದರ ಕಾಂಟ್ರಾಕ್ಟರ್ ಚರಂಡಿ ಪೈಪು ಹಾಕಲು ಬೇಲಿಯ ಗೇಟು ತೆಗೆಯಿರಿ ಎಂದ. ಬಸ್ಸಿಗೆ ಹೊತ್ತಾಗಿತ್ತು. ಹಿತ್ತಲ ಗಡಿಯ ಮೂವತ್ತನಾಲ್ಕನೇ ಗೂಟವನ್ನು ಮುಟ್ಟಬೇಡಿ ಎಂದು ಬಾಯಲ್ಲಿ ಹೇಳಿ, ಗೇಟು ತೆಗೆದುಕೊಟ್ಟು ಬಸವಣ್ಣೆಪ್ಪ ಹೊರಟುಬಿಟ್ಟರು. ಮರುದಿನ ಬಂದು ನೋಡಿದರೆ ನೆಲವೆಲ್ಲ ಹಪ್ಪಳದಂತೆ ಸಪಾಟು. ಬೇಲಿಯೂ ಇಲ್ಲ, ಗೂಟವೂ ಇಲ್ಲ. ಎರಡು ವಾರಕ್ಕೆ ಬಡಾವಣೆಯವರ ಕಾಗದ ಬಂತು: ಪೈಪಿನ ಗೆರೆಯೇ ಗಡಿ, ಡೊರೀನ್ ಹಿತ್ತಲಿನ ಒಂಬತ್ತು ಮೀಟರು ನಮ್ಮದು.

ಊರಿನವರು ಸರ್ವೇಯರನ್ನು ಕರೆಸಿದರು. ಹಳೆಯ ನಕ್ಷೆ ಅಳೆದಿರುವುದು ಒಂದು ಮರದಿಂದ, ಆ ಮರ ಬಿದ್ದು ಅರವತ್ತು ವರ್ಷವಾಯಿತು ಎಂದು ಆತ ಕೈಚೆಲ್ಲಿದ. ಮೂಲ ಗೂಟ ಇದ್ದ ಜಾಗದ ಏನಾದರೂ ಗುರುತು ಸಿಕ್ಕರೆ ಮಾತ್ರ ಗೆರೆ ಎಳೆಯಬಲ್ಲೆ ಎಂದ. ಮಾರ್ಚಿನ ನಡಿಗೆಗೆ ಉಳಿದಿದ್ದದ್ದು ಮೂರು ವಾರ. ಅಷ್ಟರೊಳಗೆ ಗುರುತು ಸಿಗದಿದ್ದರೆ ಒಂಬತ್ತನೇ ತಾಕು ಟ್ರಸ್ಟಿನಿಂದ ಹೊರಕ್ಕೆ. ಡೊರೀನ್ ಹುಟ್ಟಿದ ಮನೆ ಅದು.

"ಒಂದು ಮಾತು ಬೈಲಿಲ್ರಿ ಆ ಮುದುಕಿ. ಚಾ ಕೊಟ್ಲು. ಬೈದಿದ್ರ ಒಳ್ಳೇದಿತ್ತು," ಎನ್ನುತ್ತಾರೆ ಬಸವಣ್ಣೆಪ್ಪ.

ದಿನಾ ಬೆಳಗ್ಗೆ ಗುದ್ದಲಿ ಹಿಡಿದು ಅಗೆದರು. ಅಗೆಯುತ್ತ ಒಂದು ದಿನ ಅಜ್ಜನ ನೆನಪು ಬಂತು. ಗಡಿಕಲ್ಲು ನೆಡುವ ಮುಂಚೆ ಗುಂಡಿಯ ತಳಕ್ಕೆ ಅಜ್ಜ ಒಂದು ಬುಟ್ಟಿ ಇದ್ದಿಲು ಸುರಿಯುತ್ತಿದ್ದ. ಕಲ್ಲನ್ನು ಯಾರಾದರೂ ಕಿತ್ತು ಎಸೆದರೂ ಇದ್ದಿಲು ಕೊಳೆಯುವುದಿಲ್ಲ, ಜಾಗ ಬಿಡುವುದಿಲ್ಲ. ನೆಟ್ಟಗೆ ಡೊರೀನ್ ಬಾಗಿಲಿಗೆ ಹೋಗಿ, ನಿಮ್ಮ ಹಿರಿಯರು ಗೂಟದ ಬುಡಕ್ಕೆ ಏನಾದರೂ ಹಾಕುತ್ತಿದ್ದರೇ ಎಂದು ಕೇಳಿದರು. ಅಜ್ಜಿ ತಲೆಯಾಡಿಸಿದರು, ಗೊತ್ತಿಲ್ಲ. ಮತ್ತೆ ತಡೆದು, ಸಭಾಮಂದಿರದ ಗೋಡೆಯ ಮೇಲಿನ ತಗಡಿನ ಡಬ್ಬದ ಮಾತು ತೆಗೆದರು. ಅವರ ಮುತ್ತಜ್ಜಿ, ನಗರದಲ್ಲಿ ಬಿಟ್ಟುಬಂದ ಬಾಡಿಗೆ ಮನೆಯ ಒಲೆಯ ಬೂದಿಯನ್ನು ಅದರಲ್ಲಿ ತುಂಬಿಕೊಂಡು ಬಂದಿದ್ದಳಂತೆ. ಎಲ್ಲ ಮನೆಯವರೂ ತಂದಿದ್ದರಂತೆ. ಆ ಬೂದಿ ಎಲ್ಲಿಗೆ ಹೋಯಿತೆಂದು ನೂರಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಇಬ್ಬರೂ ಸೇರಿ ಪಕ್ಕದ ಮೂವತ್ತಮೂರನೇ ಗೂಟವನ್ನು ಮೆಲ್ಲಗೆ ಎತ್ತಿದರು. ಒಂದೂವರೆ ಅಡಿ ಕೆಳಗೆ, ಕೆಂಪು ಮಣ್ಣಿನ ನಡುವೆ, ರೊಟ್ಟಿಯಗಲದ ಬೂದಿಯ ಚಕ್ರ. ಕಪ್ಪು ಚೂರುಗಳು ನಿನ್ನೆ ಒಲೆ ಆರಿಸಿದಷ್ಟು ಹೊಸದಾಗಿದ್ದವು. ತಮ್ಮನ್ನು ಹೊರಗೆ ಹಾಕಿದ ಮನೆಯ ಬೂದಿಯ ಮೇಲೆ, ಯಾರೂ ಯಾರನ್ನೂ ಹೊರಗೆ ಹಾಕದ ಊರೊಂದನ್ನು ಆ ಜನ ನಿಲ್ಲಿಸಿದ್ದರು. ಡೊರೀನ್ ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟರು. ಬಸವಣ್ಣೆಪ್ಪ ಟೊಪ್ಪಿಗೆ ತೆಗೆದು ಕೈಮುಗಿದರು.

ಏನು ಹುಡುಕಬೇಕೆಂದು ತಿಳಿದ ಮೇಲೂ ಎಂಟು ದಿನ ಬೇಕಾಯಿತು. ಗುದ್ದಲಿ ಬಿಟ್ಟು ಕರಣೆಯಿಂದ ಬೆರಳಷ್ಟೇ ಮಣ್ಣು ಕೆರೆದು ತೆಗೆದರು. ನಡಿಗೆಗೆ ಮೂರು ದಿನ ಉಳಿದಿದ್ದಾಗ, ಗುರುವಾರ ಬೆಳಗ್ಗೆ, ಬೂದಿ ಸಿಕ್ಕಿತು. ಪೈಪಿನ ಗೆರೆಯಿಂದ ಬಡಾವಣೆಯ ಕಡೆಗೆ, ಸರಿಯಾಗಿ ಒಂಬತ್ತು ಮೀಟರು. ಸರ್ವೇಯರ್ ಮಂಡಿಯೂರಿ ಮುಟ್ಟಿ ನೋಡಿ ಗೆರೆ ಎಳೆದ. ಹಕ್ಕು ಬಿಟ್ಟುಕೊಟ್ಟ ಬಡಾವಣೆಯವರ ಎರಡನೇ ಕಾಗದ ಮೂರು ಸಾಲಿಗೆ ಮುಗಿದಿತ್ತು.

ಇವತ್ತು ಆ ಭಾನುವಾರ. ಅರವತ್ತೊಂದನೇ ಗೂಟಕ್ಕೆ ಎಣ್ಣೆ ಹಚ್ಚಿ ಬಸವಣ್ಣೆಪ್ಪ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಜನ ಸೇರುತ್ತಾರೆ. ತೇಜಸ್ವಿನಿಯೂ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬಂದಿದ್ದಾರೆ. ಮಕ್ಕಳು, ಮುದುಕರು, ನಾಯಿಗಳು, ಎಲ್ಲ ಸೇರಿ ನೂರು ಮಂದಿಯ ಸಾಲು ಹೊಲದುದ್ದ ನಡೆಯುತ್ತದೆ. ಒಂಬತ್ತನೇ ತಾಕಿನಲ್ಲಿ ಹೊಸ ಗೂಟವನ್ನು ಒಬ್ಬೊಬ್ಬರೂ ಮುಟ್ಟುತ್ತಾರೆ. ಬೆಲೆ ಹೇಳುವ ಹೊತ್ತಿಗೆ ಡೊರೀನ್ ಕೋಲೆತ್ತಿ, "ಬಜ್ಜಾ ಹೇಳಲಿ" ಎನ್ನುತ್ತಾರೆ. ಗೂಟಪಾಲಕನಿಗೆ ಇಲ್ಲಿ ಮಾತಿಲ್ಲ, ಅದು ರೂಢಿ. ಆದರೆ ಯಾರೂ ಬೇಡವೆನ್ನುವುದಿಲ್ಲ.

ಬಸವಣ್ಣೆಪ್ಪ ಮನೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಈ ಸಲ ಯಾರೂ ಹೆಗಲು ಹಿಡಿದು ತಿರುಗಿಸಬೇಕಾಗಿಲ್ಲ. ರಸ್ತೆ ನೋಡುತ್ತಾರೆ, ರಸ್ತೆಯ ತುದಿಯ ಹೊಸ ಸ್ಟಾಪು ನೋಡುತ್ತಾರೆ. ಗಂಟಲು ಸರಿಮಾಡಿಕೊಂಡು, ಹೋದ ವರ್ಷಕ್ಕಿಂತ ನೂರಕ್ಕೆ ಐದು ಹೆಚ್ಚು ಎನ್ನುತ್ತಾರೆ. ಯಾರಿಂದ ಏರಿತು ಎಂದು ಪುಸ್ತಕ ಹಿಡಿದವರು ಕೇಳುತ್ತಾರೆ.

"ಬಸ್," ಎನ್ನುತ್ತಾರೆ ಬಸವಣ್ಣೆಪ್ಪ. ಹೋದ ಜೂನಿನಿಂದ ಈ ರಸ್ತೆಗೆ ಬಸ್ಸು ಬರುತ್ತಿದೆ. ಅದನ್ನು ಓಡಿಸುವವರು ಅವರೇ.

ಹೊಲವೆಲ್ಲ ನಗು. "ಇವನ ಬಾಯಿಗೆ ಬಿಟ್ಟಿದ್ದೇ ನನ್ನ ತಪ್ಪು, ನನ್ನ ಬಾಡಿಗೇನೇ ಏರಿಸಿದ!" ಎಂದು ಡೊರೀನ್ ಕೋಲು ಕುಟ್ಟುತ್ತಾರೆ. ಹಾಗೆಂದವರೇ ಸಹಿಯನ್ನೂ ಹಾಕುತ್ತಾರೆ.

"ಅಜ್ಜಿ ನಿಮ್ಮ ಮೇಲೆ ಇಷ್ಟು ಪ್ರೀತಿ ಇಟ್ಕೊಂಡಿದಾರೆ, ಸ್ವಲ್ಪ ಕಮ್ಮಿ ಹೇಳ್ಬಾರ್ದಿತ್ತಾ?" ಎಂದು ತೇಜಸ್ವಿನಿ ಕಾಫಿ ಬಗ್ಗಿಸುತ್ತ ಕೇಳುತ್ತಾರೆ.

ಜನ ಹತ್ತನೇ ತಾಕಿನತ್ತ ಸಾಗುತ್ತಿದ್ದಾರೆ. ಬಸವಣ್ಣೆಪ್ಪ ಸುತ್ತಿಗೆ ಎತ್ತಿ ಹೆಗಲಿಗಿಟ್ಟುಕೊಳ್ಳುತ್ತಾರೆ. "ಕಮ್ಮಿ ಹೇಳಿದ್ರ ನನ್ನ ಬಸ್ಸು ಪುಸ್ತಕದಾಗ ಬರ್ತಿದ್ದಿಲ್ಲಲ್ಲಾ. ಇಪ್ಪತ್ತು ವರ್ಷ ಆತು ಈ ದೇಶದಾಗ ದುಡಿಯಾಕತ್ತು. ನಾ ದುಡಿದದ್ದರಿಂದ ಈ ಮಣ್ಣಿಗೆ ಬೆಲೆ ಬಂತು ಅಂತ ಇವತ್ತು ಬರಕೊಂಡಾರ. ಅಷ್ಟು ಸಾಕು, ನಡಿ, ಮುಂದಿನ ಗೂಟ ಮುಟ್ಟೂಣು."