ಹೆಡ್ ಸರ್ ಗೆದ್ದ ಆಟ

ನೀವು ನಗ್ತೀರಿ, ಆದ್ರ ನನ್ನ ಸಿಟ್ಟು ಇನ್ನಾ ಇಳಿದಿಲ್ಲ. ನಮ್ಮ ವಾಡಿ ಊರೊಳಗ ಎಸ್ಕೇಪ್ ರೂಮ್ ಅಂತ ಹೊಸಾ ಆಟ ಬಂದದ. ಟ್ರಂಕು, ಕೌದಿ, ಅಟ್ಟ ಇಟ್ಟು ಹಳೀ ಮನಿ ಹಂಗ ಮಾಡಿದ ಖೋಲಿಯೊಳಗ ಕೂಡಿಹಾಕ್ತಾರ, ಸುಳಿವು ಹುಡುಕಿ ಹೊರಗ ಬರಬೇಕು. ನಮ್ಮ ಸಾಲಿಯಿಂದ ನಾಕು ಮಂದಿ ಹೋಗಿದ್ವಿ: ಹೆಡ್ ಸರ್, ಬಿಸಿಯೂಟ ಮಾಡೋ ಮಹಾದೇವಕ್ಕ, ಪಿ.ಟಿ. ಮಾಸ್ತರ್ ರಫೀಕ್ ಸರ್, ಕನ್ನಡ ಕಲಿಸೋ ನಾನು.

"ಎಲ್ಲಾರಿಗೂ ಒಂದೊಂದು ಕೆಲಸ ಇಟ್ಟೀನ್ರಿ. ಹುಡುಕೋರು ಹುಡುಕ್ರಿ, ಏರೋರು ಏರ್ರಿ, ಓದೋರು ಓದ್ರಿ" ಅಂತ ಹೇಳಿ ಮಾಲಕ ಬಾಗಿಲಾ ಹಾಕ್ದ.

ಎಲ್ಲೀ ಕೆಲಸ? ಮಹಾದೇವಕ್ಕ ಕೌದಿ ಝಾಡಿಸಿ ಟ್ರಂಕಿನ ಕೀಲಿಕೈ ಹುಡುಕಿದ್ರ, ಹೆಡ್ ಸರ್ "ಇಲ್ಲಿ ಕೊಡವ್ವ" ಅಂತ ಕಸಗೊಂಡ್ರು. ರಫೀಕ್ ಸರ್ ಅಟ್ಟ ಏರಲಿಕ್ಕೆ ಹೋದ್ರ "ಬಿದ್ದಗಿದ್ದೀರಿ, ಇಳೀರಿ" ಅಂದ್ರು. ನಾ ಚೀಟಿ ಓದಲಿಕತ್ತಿದ್ರ ಅದೂ ಅವರ ಕೈಗೇ ಹೋಯ್ತು.

"ನೀವೆಲ್ಲಾ ಆರಾಮ ಕುಂದ್ರಿ, ನಾ ಅದೀನಲ್ಲ?"

ಆಟಕ್ಕ ಬಂದ್ರೂ ಇದು ಸ್ಟಾಫ್ ಮೀಟಿಂಗೇ ಆಯ್ತಲ್ಲ!

ಕಡೀಗೆ ಚೀಟಿಯೊಳಗಿನ ನಂಬರ್ ಬಾಗಿಲದ ಲಾಕಿಗೆ ಒತ್ತಿ ಅವರೊಬ್ಬರೇ ಹೊರಗ ಹೋದ್ರು. ಹಿಂದ ಬಾಗಿಲಾ ತಾನೇ ಮುಚ್ಚಿ ಲಾಕ್ ಆಯ್ತು. ಹೊರಗ ಚಪ್ಪಾಳಿ. ಗೆದ್ದೋರಿಗೆ ಮಾಲಕ ಶಾಲು ಹೊದಸಿ ಫೋಟೋ ತಗಸಲಿಕತ್ತಿದ್ದ. ಒಳಗ ಮೂರು ಮಂದಿ ಅದಾರ ಅಂತ ಒಬ್ಬರಿಗೂ ನೆನಪಿಲ್ಲ!

ಮಹಾದೇವಕ್ಕ ಹೆಡ್ ಸರ್ ಟ್ರಂಕಿನ ಕೀಲಿಯೊಳಗೇ ಬಿಟ್ಟುಹೋಗಿದ್ದ ಕೀಲಿಕೈ ತಗದು ಮತ್ತ ಎಲ್ಲೋ ಮುಚ್ಚಿಟ್ಟಳು. "ಈಗ ಹುಡುಕ್ರಿ" ಅಂದಳು. ರಫೀಕ್ ಸರ್ ಟಣ್ಣನ ಅಟ್ಟ ಏರಿದ್ರು. ನಾ ಅವರು ಒಗದುಹೋಗಿದ್ದ ಚೀಟಿ ತಗೊಂಡು ಜೋರಾಗಿ ಓದಲಿಕತ್ತೆ. ಮೂವರೂ ಭಾಳ ನಕ್ಕಿವಿ.

ಅಷ್ಟರಾಗ ಹೆಡ್ ಸರ್ ಶಾಲು ಹೊದ್ಕೊಂಡೇ ಬಾಗಿಲಾ ತಗದ್ರು. "ಬರ್ರಿ, ನಾವು ಗೆದ್ದೀವಿ."

"ಗೆದ್ದೋರು ನೀವು ಸರ್" ಅಂದೆ. "ಬಾಗಿಲಾ ಹಾಕ್ಕೊಂಡು ಹೋಗ್ರಿ. ನಾವು ಈಗ ಆಡಲಿಕತ್ತೀವಿ."