ರಕ್ಕಸಿಗೆ ಹೋದ ನನ್ನ ಬೈಗುಳ

ಇವತ್ತು ಮಾಡಿದ ಕೆಲಸ: ಅಂಗಳ ಗುಡಿಸಿ ನೀರು ಹೊಡೆದೆ. ನಳ ಬಂದಿತ್ತು, ಒಂಬತ್ತು ಕೊಡ ತುಂಬಿದೆ. ಬಳಿಚಕ್ರ ಊರಿನಿಂದ ತರಿಸಿದ ಜೋಳದ ಹಿಟ್ಟು ಜರಡಿ ಹಿಡಿದೆ. ಎಸರಿಟ್ಟು, ಹಿಟ್ಟು ನಾದಿ, ನೂರಾ ಇಪ್ಪತ್ತು ರೊಟ್ಟಿ ಬಡಿದೆ, ಅದರ ಮೇಲೊಂದು ಹೊತ್ತಿತು. ಪುಂಡಿಪಲ್ಯ ಸೋಸಿದೆ. ಶೇಂಗಾ ಹುರಿದು ಹಿಂಡಿ ಕುಟ್ಟಿದೆ. ಗಂಡನ ಅಂಗಿಗೆ ಗುಂಡಿ ಹಚ್ಚಿದೆ. ಹತ್ತು ದಿನ ಬಿಗಿಹಿಡಿದ ಬಾಯಿ ಬಿಟ್ಟೆ. ಹನ್ನೆರಡು ವರ್ಷದ ಮೇಲೆ ನೆಗೆಣ್ಣಿಯ ಹೊಸ್ತಿಲು ದಾಟಿದೆ.

ಕೊನೆಯವೆರಡೂ ದಿನನಿತ್ಯದ ಕೆಲಸವಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಶಹಾಪುರದ ಈ ಮನೆ ಮಾವನವರು ಕಟ್ಟಿಸಿದ್ದು. ಹನ್ನೆರಡು ವರ್ಷದ ಹಿಂದೆ ಅತ್ತೆ ತೀರಿಕೊಂಡಾಗಲೇ ನಡುವೆ ಗ್ವಾಡಿ ಎದ್ದಿತು, ಒಂದೇ ಇಟ್ಟಂಗಿಯ ತೆಳು ಗೋಡೆ. ಈಚೆ ನನ್ನ ಅಡುಗೆಮನೆ, ಆಚೆ ಅವಳ ಪಡಸಾಲೆ. ಆಕೆ ಬಳೆ ತೆಗೆದಿಟ್ಟರೂ ನನಗೆ ಕೇಳುತ್ತದೆ. ನಮ್ಮ ನಡುವೆ ಮಾತಿಲ್ಲ, ಬೈಗುಳವಿದೆ. ಬೈಗುಳಕ್ಕೆ ಆ ಗ್ವಾಡಿ ಎಂದೂ ಅಡ್ಡ ಬಂದಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಖಾನಾವಳಿಗೆ ನಾನು ರೊಟ್ಟಿ ಮಾಡಿಕೊಡುತ್ತೇನೆ. ಹನ್ನೊಂದೂವರೆಗೆ ಬುಟ್ಟಿ ಅಲ್ಲಿರಬೇಕು. ಹಾಗಾಗಿ ಏಳೂವರೆಯಿಂದ ಹನ್ನೊಂದರವರೆಗೆ ನನ್ನ ಅಡುಗೆಮನೆಯಲ್ಲಿ ಟಪಟಪ ನಿಲ್ಲುವುದಿಲ್ಲ. ಓಣಿಯ ಮಂದಿಗೆ ಅದು ಕೇಳಿಸುವುದೂ ಇಲ್ಲ, ಅಷ್ಟು ರೂಢಿ.

ಹೋದ ಚಳಿಗಾಲದಲ್ಲಿ ನೆಗೆಣ್ಣಿ ನಾಟಕ ಶುರುಮಾಡಿದಳು. ಕಣ್ಣಿಂದ ನೋಡುವ ನಾಟಕವಲ್ಲ, ಕಿವಿಗೆ ಕೇಳುವಂಥದ್ದು. ಫೋನಿನಲ್ಲಿ ವಾರಕ್ಕೊಂದು ಕಂತು ಬಿಡುವುದು. ಅವಳ ತವರು ಸುರಪುರ. ಅಲ್ಲಿಂದ ನಾಟಕದ ಹುಚ್ಚಿನ ಮೂರು ನಾಲ್ಕು ಮಂದಿ ಬೆಳಗಿನ ಬಸ್ಸಿಗೆ ಬಂದಿಳಿಯುವರು. ಮೈದುನ ಕಡೇಚೂರಿನ ಫ್ಯಾಕ್ಟರಿಗೆ ಹೋದಮೇಲೆ ಮನೆಯೆಲ್ಲ ಅವರದೇ. ಪರಸಿ ಕಲ್ಲಿನ ನೆಲದ ಮನೆ, ಮಾತಾಡಿದರೆ ಗವಿಯಲ್ಲಿ ಕೂಗಿದಂತೆ ಮರುದನಿ. ಅದಕ್ಕೆ ಗ್ವಾಡಿಗೆಲ್ಲ ಹಳೆ ಬಟ್ಟೆ ಹೊಲಿದ ಕೌದಿ ಹೊಚ್ಚಿದರು, ಬಾಗಿಲಿಗೂ ಕೌದಿ. ಫ್ಯಾನು ಬಂದ್, ಕುಕ್ಕರ್ ಬಂದ್, ಆಡಿನ ಕೊರಳ ಗಂಟೆಯೂ ಬಂದ್.

ಕತೆ ಒಂದು ನಗೆ ಪುಸ್ತಕದ್ದು. ಸುರಪುರ ಕಡೆಯ ಒಬ್ಬ ನಿವೃತ್ತ ಮಾಸ್ತರರು ಬರೆದದ್ದಂತೆ. ಪಾತಾಳದ ರಕ್ಕಸನೊಬ್ಬ ಹೆಂಡತಿಯ ಬಾಯಿಗೆ ಹೆದರಿ ಭೂಮಿಗೆ ಓಡಿಬರುತ್ತಾನೆ. ನಾಲ್ಕು ಕೈ ಇರುವುದರಿಂದ ಸಂತೆಯಲ್ಲಿ ಅವನಿಗೆ ತಕ್ಕಡಿಯ ಕೆಲಸ ಸಿಗುತ್ತದೆ. ಎರಡು ಕೈಯಲ್ಲಿ ಕಾಳು, ಎರಡು ಕೈಯಲ್ಲಿ ಕಲ್ಲು. ಎಲ್ಲ ಚೆನ್ನಾಗಿ ನಡೆದಿರುವಾಗ ಇಲಿಯ ಬಿಲದಿಂದಲೋ, ಬಾವಿಯಿಂದಲೋ, ಖಾಲಿ ಕೊಡದಿಂದಲೋ ಕೆಳಗಿನ ಹೆಂಡತಿಯ ದನಿ ಬಂದುಬಿಡುತ್ತದೆ. ನಾಲ್ಕೂ ಕೈ ನಡುಗಿ ಕಾಳು ಚೆಲ್ಲುತ್ತದೆ. ಪುಸ್ತಕವನ್ನು ನಾನೂ ಆಮೇಲೆ ತರಿಸಿ ಓದಿದೆ. ಹೆಂಡತಿ ಏನು ಬೈದಳೆಂದು ಮಾಸ್ತರರು ಎಲ್ಲೂ ಬರೆದಿಲ್ಲ. ‘ಬಾಯಿಗೆ ಬಂದಂತೆ ಬೈದಳು’ ಎಂದಷ್ಟೇ ಬರೆದು ಮುಂದೆ ಹೋಗಿದ್ದಾರೆ. ಓದುವವನಿಗೆ ಅಷ್ಟು ಸಾಕು. ಕೇಳುವವನಿಗೆ ಸಾಲದು, ಅಲ್ಲಿ ಯಾರಾದರೂ ಬಾಯಿ ಬಿಟ್ಟು ಬೈಯಲೇಬೇಕು.

ಮೊದಲ ದಿನವೇ ಆಕೆ ಗ್ವಾಡಿ ಬಡಿದಳು.

“ಯಕ್ಕಾ! ಜರಾ ಬಡಿಯೂದು ನಿಂದರಸು! ರೆಕಾರ್ಡ್ ನಡದದ ಇಲ್ಲಿ!”

“ನಾ ಬಡಿಯೂದು ನಿಂದರಸಿದ್ರ ಮಂದಿ ಉಣ್ಣೂದು ನಿಂದರತದ,” ಎಂದೆ.

“ನಮ್ಮ ರಕ್ಕಸ ಮಾತಾಡಾಕತ್ರ ಹಿಂದ ನಿನ್ನ ಟಪಾಟಪಾನೇ ಬರಾಕತ್ತದ. ಒಂದು ತಾಸು ಬಾಯಿ ಕೈ ಮುಚ್ಚಿದ್ರ ಏನು ಗಂಟು ಹೋಗ್ತದ?”

ಬಾಯಿ ಎಂದದ್ದು ತಪ್ಪಾಯಿತು. ಕೈ ಎಂದಿದ್ದರೆ ಸುಮ್ಮನಿರುತ್ತಿದ್ದೆ. ಹಂಚಿನ ಮೇಲೆ ರೊಟ್ಟಿ, ಕೈಯೆಲ್ಲ ಹಿಟ್ಟು, ಹಾಗೇ ಗ್ವಾಡಿಗೆ ಮುಖಕೊಟ್ಟು ಶುರುಮಾಡಿದೆ. “ಉಂಡ ತಾಟು ಎತ್ತಲಾರದ ಜಲ್ಮ! ಹೊತ್ತು ನೆತ್ತಿಗೆ ಬಂದ್ರೂ ಹಾಸಿಗಿ ಬಿಡಲಾರದ ಜಲ್ಮ! ನನಗ ಬಾಯಿ ಮುಚ್ಚು ಅಂತೀಯಾ? ನಿನ್ನ ಮಾರಿಗೆ ಅಂಜಿ ಕುಂತ್ರ ಈ ಮನ್ಯಾಗ ಒಲಿ ಹತ್ತೂದಿಲ್ಲ!”

ಅತ್ತಲಿಂದ ಉತ್ತರ ಬರಲಿಲ್ಲ. ಗೆದ್ದೆ ಅಂದುಕೊಂಡೆ. ಅದಾದಮೇಲೆ ವಾರಕ್ಕೆರಡು ಸಲವಾದರೂ ಗ್ವಾಡಿ ಬಡಿಯುತ್ತಿದ್ದಳು, ನಾನು ಬೈಯುತ್ತಿದ್ದೆ, ಆಕೆ ಸುಮ್ಮನಾಗುತ್ತಿದ್ದಳು. ಎರಡೂವರೆ ತಿಂಗಳು ಹೀಗೆ ಗೆಲ್ಲುತ್ತಲೇ ಇದ್ದೆ.

ಹತ್ತು ದಿನದ ಹಿಂದೆ ಯಾದಗಿರಿಗೆ ಹಲ್ಲು ತೋರಿಸಲು ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು. ಒಬ್ಬಳ ಫೋನಿನಲ್ಲಿ ದೊಡ್ಡ ದನಿಯಲ್ಲಿ ಏನೋ ಹಚ್ಚಿದ್ದರು, ಅತ್ತಿತ್ತಲ ಮಂದಿಯೂ ಕಿವಿಗೊಟ್ಟು ನಗುತ್ತಿದ್ದರು. ಸಂತೆಯ ಗದ್ದಲ ಕೇಳಿತು. ಯಾರೋ ಕಾಳು ಸುರಿದರು. ಆಮೇಲೆ ತಾಮ್ರದ ಕೊಡದೊಳಗಿಂದ ಬಂದಂತೆ, ಗುಂಯ್ ಎನ್ನುತ್ತ: “ಉಂಡ ತಾಟು ಎತ್ತಲಾರದ ಜಲ್ಮ!”

ನನ್ನ ದನಿ. ಹಿಂದೆ ರೊಟ್ಟಿಯ ಟಪಟಪ. ಅದು ರಕ್ಕಸಿ ಪಾತಾಳದಲ್ಲಿ ಹೆಜ್ಜೆ ಹಾಕುವ ಸದ್ದಂತೆ.

“ಏಳು ಪಾತಾಳ ದಾಟಿ ಬಂದೀನಿ, ಇಲ್ಲಿಗೂ ಬಂತಲ್ಲೋ ಶಿವನೇ ಈಕಿ ದನಿ!” ಎಂದು ರಕ್ಕಸ ಅತ್ತ. ಬಸ್ಸು ಬಿದ್ದು ಬಿದ್ದು ನಕ್ಕಿತು.

ಕಂಡಕ್ಟರ್ ಟಿಕೆಟ್ ಹರಿಯುತ್ತ, “ಈಕಿ ನಮ್ಮ ಡಿಪೋಕ್ಕ ಬಂದ್ರ ಒಂದು ಗಾಡೀನೂ ಲೇಟ್ ಆಗಂಗಿಲ್ಲ ನೋಡ್ರಿ,” ಎಂದ.

“ಖರೇ ಹೆಂಗಸೇ ಇರಬೇಕ್ರಿ, ಪಾರ್ಟು ಮಾಡಿದ್ರ ಹಿಂಗ ಬರಂಗಿಲ್ಲ,” ಎಂದಳು ಹುಡುಗಿ. “ಪಾಪ, ಈಕಿ ಗಂಡ ಹೆಂಗಿರ್ತಾನೋ!”

ಎದ್ದು ಆ ಫೋನು ಕಸಿದು ಕಿಟಕಿಯಿಂದ ಒಗೆಯಬೇಕೆನಿಸಿತು. ಆದರೆ ಬಾಯಿ ತೆರೆದರೆ ಇಡೀ ಬಸ್ಸಿಗೆ ರಕ್ಕಸಿ ಯಾರೆಂದು ಗೊತ್ತಾಗುತ್ತದೆ. ನಮ್ಮ ಕ್ರಾಸ್ ಬಂತು. “ನಿಂದರಸ್ರಿ” ಎನ್ನಬೇಕು. ಅನ್ನಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಎಲ್ಲರೂ ಇಳಿದಮೇಲೆ ಇಳಿದು, ಬಿಸಿಲಲ್ಲಿ ಹಿಂದಕ್ಕೆ ನಡೆದುಬಂದೆ.

ದಾರಿಯುದ್ದಕ್ಕೂ ಏನು ಬೈಯಬೇಕೆಂದು ಕೂಡಿಸಿಕೊಂಡೇ ಬಂದಿದ್ದೆ. ಅಡುಗೆಮನೆಗೆ ಹೋಗಿ ಗ್ವಾಡಿಯೆದುರು ನಿಂತು ಬಾಯಿ ತೆರೆದೆ. ತೆರೆದದ್ದನ್ನು ಹಾಗೇ ಮುಚ್ಚಿದೆ. ಬೈದರೆ ಅದೂ ಅವಳಿಗೇ ದಕ್ಕುತ್ತದಲ್ಲ? ನನ್ನ ಕೈರೊಟ್ಟಿ ಮಂದಿ ತಿನ್ನಲಿ, ಅದಕ್ಕೇ ಬಡಿಯುತ್ತೇನೆ. ನನ್ನ ಸಿಟ್ಟು ನನ್ನದು. ಅದನ್ನು ಸಂತೆಗೆ ಹಾಕಲು ಯಾರನ್ನು ಕೇಳಿದಳು?

ಅಂದಿನಿಂದ ಅಡುಗೆಮನೆಯಲ್ಲಿ ಒಂದು ಮಾತೂ ಇಲ್ಲ. ಗಂಡನ ಹತ್ತಿರ ಮಾತಿದ್ದರೆ ಹಿತ್ತಲಿಗೆ ಕರೆದು ಪಿಸುಗುಡುತ್ತಿದ್ದೆ. ಅವರು ಶಾಲೆಯಲ್ಲಿ ಗುಮಾಸ್ತರು, ಮಾತು ಕಮ್ಮಿ. ಮೊದಲ ಎರಡು ದಿನ ಹಲ್ಲುನೋವೆಂದೇ ತಿಳಿದು ಲವಂಗ ತಂದುಕೊಟ್ಟರು.

ಮೂರನೇ ದಿನ ಕೇಳಿದೆ: “ಆ ನಾಟಕದಾಗ ನನ್ನ ದನಿ ಅದ ಅಂತ ನಿಮಗ ಗೊತ್ತಿತ್ತೇನ್ರಿ?”

ಅವರು ಪುಂಡಿಯ ಗಿಡ ನೋಡಿದರು. “ಎರಡನೇ ಕಂತಿನಾಗೇ ಗೊತ್ತಾತು.”

“ಹೇಳಬಾರದೇನ?”

“ಹೇಳಿದ್ರ ಬೈತಿದ್ದಿ. ಬೈದ್ರ ಅದೂ ಒಂದು ಕಂತು ಆಗ್ತಿತ್ತು.”

ಸಂಜೆ ವಾಕಿಂಗ್ ಎಂದು ಹೋಗಿ ಗುಡ್ಡದ ಕಡೆ ಕೂತು ಈ ಮನುಷ್ಯ ಕೇಳುತ್ತಿದ್ದದ್ದು ಇದನ್ನೇ. ಆ ದಿನ ಅವರಿಗೆ ಹಿಂದಿನ ದಿನದ ರೊಟ್ಟಿ ಹಾಕಿದೆ.

ಗ್ವಾಡಿಯಾಚೆ ನಾಟಕದವರ ಕೆಲಸ ನಿಂತಿತು. ಉಳಿದದ್ದು ಕೊನೆಯ ಕಂತು. ಅದರಲ್ಲಿ ರಕ್ಕಸಿ ತಾನೇ ಭೂಮಿಗೆ ಬರುತ್ತಾಳೆ, ಎಲ್ಲಕ್ಕಿಂತ ದೊಡ್ಡ ಬೈಗುಳ ಅಲ್ಲೇ ಬೇಕು. ಆಕೆ ಗ್ವಾಡಿ ಬಡಿದಳು. ನಾನು ರೊಟ್ಟಿ ಬಡಿದೆ, ಅಷ್ಟೇ. ಮರುದಿನ ಬಟ್ಟೆ ಒಗೆದ ನೀರು ನನ್ನ ಮೆಟ್ಟಿಲ ಮುಂದೆ ಸುರಿದಳು. ನಾನು ಬಳಿದು ತೆಗೆದೆ. ಹೊರಸು ಮಂಚದ ಮೇಲೆ ಒಣಹಾಕಿದ ರೊಟ್ಟಿಗೆ ಆಡು ಬಿಟ್ಟಳು. ಏಳು ರೊಟ್ಟಿ ಹೋದವು. ಆಡು ಕಟ್ಟಿ ತಿರುಗಿ ನೋಡಿದರೆ ಅಂಗಳದ ಮೋಟುಗೋಡೆಯ ಮೇಲಿಂದ ಫೋನು ಚಾಚಿ ನಿಂತಿದ್ದಾಳೆ, ಬೇಟೆಗೆ ಕೂತವರ ಹಾಗೆ. ನನ್ನ ಬೈಗುಳ ಹಿಡಿಯಲೆಂದೇ ಇದೆಲ್ಲ ಎಂದು ಅವತ್ತು ಖಾತ್ರಿಯಾಯಿತು. ನಳದ ಹತ್ತಿರ ಹೆಂಗಸರೆಲ್ಲ ಕೇಳುವಂತೆ, “ನಮ್ಮ ಯಕ್ಕನ ರೊಟ್ಟಿ ಒಯ್ರಿ, ಚಪ್ಪಲಿಗೆ ಅಟ್ಟಿ ಹಾಕಿಸ್ಲಿಕ್ಕೆ ಬರ್ತಾವ,” ಎಂದಳು. ಕೊಡ ತುಂಬಿಕೊಂಡು ಬಂದೆ.

ಇವತ್ತು ಬೆಳಿಗ್ಗೆ ಎಂಬತ್ತು ರೊಟ್ಟಿ ಮುಗಿದಿದ್ದವು. ಗ್ವಾಡಿಯ ಆಚೆಯಿಂದ, ಈ ಸಲ ಕೂಗಿಯಲ್ಲ, ಹತ್ತಿರ ಬಂದು ಮೆಲ್ಲಗೆ:

“ಅತ್ತಿ ಜೀವ ಹೋಗುಮುಂದನೂ ಹಿಂಗೇ ಬಡ್ಯಾಕತ್ತಿದ್ದಿ ಅಲ್ಲ ಯಕ್ಕಾ? ನೀರು ನೀರು ಅಂದದ್ದು ಓಣಿಗೆ ಕೇಳಿತ್ತಂತ, ಈ ಟಪಾಟಪದಾಗ ನಿನಗ ಕೇಳಿರಲಿಕ್ಕಿಲ್ಲ.”

ನನ್ನ ಕೈ ನಿಂತಿತು.

“ಕೇಳಿತ್ತು,” ಎಂದೆ. “ಹಂಚಿನ ಮ್ಯಾಲ ಒಂದು ರೊಟ್ಟಿ ಇತ್ತು. ತಿರುವಿ ಹಾಕಿ ಬರ್ತೀನಿ ಅತ್ತಿ, ಅಂದೆ. ಒಂದೇ ಒಂದು ರೊಟ್ಟಿ. ತಂಬಿಗಿ ಒಯ್ಯೂದ್ರಾಗ ಬಾಯಿ ತೆರದಂಗೇ ಇತ್ತು. ಹಾಕಿದ ನೀರು ಕಟವಾಯಿಂದ ಹೊರಗ ಬಂತು. ಸೆರಗಿಲೆ ಒರಸೀನಿ. ಹನ್ನೆರಡು ವರ್ಷ ಆತು, ದಿನಾ ಮೊದಲನೇ ರೊಟ್ಟಿ ತಿರುವಿ ಹಾಕುಮುಂದ ಆ ದನಿ ಕೇಳ್ತದ ನನಗ. ನೀ ಎಲ್ಲಿದ್ದಿ ಅವತ್ತು? ಎರಡು ದಿನಕ್ಕ ಬರ್ತೀನಿ ಅಂತ ಸುರಪುರಕ್ಕ ಹೋದಾಕಿ ಹದಿನಾರನೇ ದಿನಕ್ಕ ಬಂದಿ, ಮಣ್ಣಾದ ಮ್ಯಾಲ. ಬಂದು ಮೊದಲು ಕೇಳಿದ್ದು ಏನು? ಗ್ವಾಡಿ ಎಲ್ಲಿ ಎಬ್ಬಿಸೂದು ಅಂತ.”

ಮೂಗಿಗೆ ವಾಸನೆ ಬಂದಾಗ ನೋಡಿದೆ, ಹಂಚಿನ ಮೇಲಿನದು ಕರ್ರಗಾಗಿತ್ತು. ಉಳಿದ ನಲವತ್ತು ಬಡಿದೆ, ಬುಟ್ಟಿ ಕಳಿಸಿದೆ, ಕೈ ತೊಳೆದೆ. ಆಮೇಲೆ ಹೊಳೆಯಿತು: ಅದನ್ನೂ ಹಿಡಿದಿದ್ದಾಳೆ. ನಾಳೆ ನನ್ನ ಅತ್ತೆ ನೀರು ಕೇಳಿದ್ದೂ ಕೊಡದೊಳಗಿಂದ ಗುಂಯ್ ಎನ್ನುತ್ತದೆ, ಬಸ್ಸು ನಗುತ್ತದೆ.

ಸೆರಗು ಕಟ್ಟಿಕೊಂಡು ಹೊರಟೆ.

ಅವಳ ಪಡಸಾಲೆಗೆ ಕಾಲಿಟ್ಟೊಡನೆ ಕಂಡದ್ದು ಅತ್ತೆ ಹೊಲಿದ ಕೌದಿ, ನಡುವೆ ಅವರ ಹಸಿರು ಸೀರೆಯ ತುಂಡು. ನಮ್ಮ ನಡುವಿನ ಗ್ವಾಡಿಗೇ ನಾಲ್ಕು ಮೂಲೆಗೆ ಮೊಳೆ ಹೊಡೆದಿದ್ದಳು. ನನ್ನ ಒಲೆಯ ನೇರಕ್ಕೆ ಕೆಳಗಿನ ಒಂದು ಅಂಚು ಮಾತ್ರ ಮಡಚಿ ಪಿನ್ನು ಚುಚ್ಚಿತ್ತು, ಅಲ್ಲಿ ಮೈಕು. ಸುರಪುರದವರು ಯಾರೂ ಇರಲಿಲ್ಲ, ಕಳಿಸಿದ್ದಳೋ ಏನೋ.

“ಏನ್ ಬಂದಿ ಯಕ್ಕಾ?”

“ಮುಂಜಾನಿ ಹಿಡದದ್ದು ತೆಗಿ.”

“ಮೊದಲು ಕೇಳು.” ಕಿವಿಗೆ ಹಾಕುವುದನ್ನು ನನ್ನತ್ತ ನೂಕಿದಳು.

ಕೇಳಿದೆ. ಬೈದಂತೆ ಇರಲೇ ಇಲ್ಲ. ಯಾರೋ ವಯಸ್ಸಾದ ಹೆಂಗಸು ಮೆಲ್ಲಗೆ ಲೆಕ್ಕ ಒಪ್ಪಿಸಿದಂತಿತ್ತು. ಹಿಂದೆ ಚುರ್ರ್ ಎಂದು ರೊಟ್ಟಿ ಹೊತ್ತುವುದೂ ಕೇಳಿತು.

“ನಾ ಎರಡು ಸಲ ಕೇಳೀನಿ,” ಎಂದಳು. ಕಣ್ಣು ಲ್ಯಾಪ್‌ಟಾಪಿನಲ್ಲೇ ಇತ್ತು. “ಇದರಾಗ ನಗಿ ಇಲ್ಲ. ಕೆಲಸಕ್ಕ ಬರಂಗಿಲ್ಲ.” ನನ್ನೆದುರೇ ಗುಂಡಿ ಒತ್ತಿ ಅಳಿಸಿದಳು, ನುಸಿ ಹಿಡಿದ ಕಾಳು ಕೇರಿ ಹಾಕಿದಂತೆ.

ಜಗಳಕ್ಕೆಂದು ಬಂದವಳು ನಾನು. ಬೇಕಾದದ್ದು ಕೇಳಿದೊಡನೆ ಆಯಿತು. ಆದರೂ ಆ ‘ಕೆಲಸಕ್ಕ ಬರಂಗಿಲ್ಲ’ ಎಂಬುದು ಎದೆಯಲ್ಲಿ ಮುಳ್ಳಿನಂತೆ ನಿಂತಿತು.

“ಹಿಂದಿನವೂ ತೆಗಿ.”

“ಅವು ಹೋಗ್ಯಾವ. ಮಂದಿ ಕಿವಿಯಾಗ ಅದಾವ. ಬೇಕಾದ್ರ ಒಂದೊಂದು ಕಿವಿ ಹುಡುಕ್ಕೋತ ಹೋಗು.”

“ಕಡೀ ಕಂತಿಗೆ?”

“ಏನು ಮಾಡಲಿ? ಪುಸ್ತಕದಾಗ ಇದ್ದಂಗ ಓದ್ತೀವಿ. ಬಾಯಿಗೆ ಬಂದಂತೆ ಬೈದಳು. ಅಷ್ಟೇ.”

“ಹಂಗೇ ಓದು. ಮತ್ತ ಆ ಕೌದಿ ಕೊಡು. ಅತ್ತಿ ಕೌದಿಗೆ ಮೊಳಿ ಹೊಡದೀಯಲ್ಲ, ಕೈ ಹೆಂಗ ಬಂತು?”

“ಒಯ್ಯಿ. ನಾಳಿಂದ ನೀ ಆಕಳಿಸಿದ್ದೂ ನಾಟಕದಾಗ ಬರ್ತದ.”

ಅದು ನಿಜ, ಕೌದಿ ಬಿಚ್ಚಲಿಲ್ಲ. ಮಡಚಿದ ಅಂಚಿನ ಪಿನ್ನು ನಾನೇ ಕಿತ್ತೆ. ಕೌದಿ ಕೆಳಗೆ ಇಳಿದು ನನ್ನ ಒಲೆಯ ನೇರ ಮುಚ್ಚಿತು.

“ಇನ್ನ ಮ್ಯಾಲ ಹನ್ನೊಂದರ ತನಕ ನಾ ಬಡಿತೀನಿ. ಅದರ ಮ್ಯಾಲ ನಿಮ್ಮ ರೆಕಾರ್ಡ್,” ಎಂದೆ.

“ಹನ್ನೊಂದರ ಮ್ಯಾಲ? ಈ ಬಿಸಲಾಗ ಫ್ಯಾನಿಲ್ಲದ ಈ ಕೌದಿಯೊಳಗ ನಾವು ಸಾಯಬೇಕೇನು?”

“ಸಾಯಿರಿ. ಸತ್ರ ನಿಮ್ಮ ರಕ್ಕಸನ ನಾಲ್ಕು ಕೈಗೂ—”

ಅವಳ ಕೈ ಮೆಲ್ಲಗೆ ಮೈಕಿನ ಕಡೆ ಹೋಯಿತು.

ನಾನು ಬಾಯಿ ಮುಚ್ಚಿ ಹೊಸ್ತಿಲು ದಾಟಿ ಬಂದೆ.

ಸಂಜೆ ಉಂಡದ್ದು: ಮುರಿದು ಉಳಿದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದೊಂದು ಉಳ್ಳಾಗಡ್ಡಿ. ಹೊತ್ತಿದ ರೊಟ್ಟಿ ಯಾರಿಗೂ ಹಾಕಲಿಲ್ಲ, ಕೆರೆದು ನಾನೇ ತಿಂದೆ. ಮೊದಲು ನಿದ್ದೆಹೋದವರು ನನ್ನ ಗಂಡ, ಒಂದು ಕಿವಿಯಲ್ಲಿ ಇನ್ನೂ ಫೋನಿನ ವೈರು ಇತ್ತು. ಏನು ಕೇಳುತ್ತಿದ್ದರೆಂದು ನೋಡಲಿಲ್ಲ, ಎಳೆದಿಟ್ಟೆ. ಆಚೆಯಾಕೆ ಮಲಗಿದಳೋ ಇಲ್ಲವೋ ತಿಳಿಯಲಿಲ್ಲ. ಬಳೆ ತೆಗೆದಿಟ್ಟ ಸದ್ದು ಇವತ್ತು ಬರಲಿಲ್ಲ.